ತಗಡಿನ ದೋಣಿಯ ಹಿಂಗಾರು

ಮೊನ್ನೆ ನವಲಗುಂದದ ಸಂತೆಗೆ ಹೋದವಳು ದಾರಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಕಬ್ಬಿಣದ ಗೇಟೊಂದಕ್ಕೆ ಆಗಷ್ಟೇ ಕೆಂಪು ಬಣ್ಣ ಬಳಿದು ಬಿಸಿಲಿಗೆ ಒರಗಿಸಿದ್ದರು. ಸುಟ್ಟ ಕಬ್ಬಿಣದ ವಾಸನೆ, ಹಸಿ ಬಣ್ಣದ ವಾಸನೆ, ಅದರ ಜೊತೆಗೆ ಒಂಚೂರು ಸೀಮೆಎಣ್ಣೆ. ಮೂರೂ ಕೂಡಿ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಬದನೆಕಾಯಿಯ ಚೀಲವನ್ನೂ ಮರೆತು ನಿಂತೆ. ಅಂಗಡಿಯವನು ಕರಿ ಕನ್ನಡಕವನ್ನು ಹಣೆಗೇರಿಸಿ, "ಏನ್ ಬೇಕಾಗಿತ್ರಿ ಅಕ್ಕಾರ?" ಎಂದ.

"ಏನೂ ಬ್ಯಾಡಪಾ. ಸುಮ್ನ ವಾಸನಿ ತಗೊಳ್ಳಾಕತ್ತೀನಿ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ನೋಡಲಿ ಬಿಡಿ. ಇಡೀ ಒಂದು ಚಳಿಗಾಲ ಆ ವಾಸನೆಯೊಳಗೆ ಮಲಗಿ ಎದ್ದವಳು ನಾನು. ಅಡುಗೆಗೆ ಅದೇ ವಾಸನೆ, ಹಾಸಿಗೆಗೆ ಅದೇ ವಾಸನೆ, ತಲೆಗೂದಲಿಗೂ ಅದೇ. ಆಗ ಅದನ್ನು ಎಷ್ಟು ಬೈದಿದ್ದೆನೋ, ಈಗ ಅದಕ್ಕಾಗಿ ಬಿಸಿಲಿನಲ್ಲಿ ನಿಂತಿದ್ದೇನಲ್ಲ ಎಂದು ನನಗೇ ನಗು ಬಂತು.

ನಾನು ಕೌದಿ ಹೊಲಿಯುವವಳು. ಹಳೇ ಸೀರೆ, ಧೋತರ, ಮಕ್ಕಳ ಅಂಗಿ, ಏನೇ ಕೊಡಿ, ಪದರಿನ ಮೇಲೆ ಪದರು ಹಾಕಿ ಕೈಸೂಜಿಯಿಂದ ಹೊಲಿದು ಹೊದಿಕೆ ಮಾಡಿಕೊಡುತ್ತೇನೆ. ನಮ್ಮವರದು ಎಂಜಿನ್ ರಿಪೇರಿ. ಮದುವೆಗೂ ಮುಂಚಿನಿಂದ ಗೋವಾದಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಕೂಡಿಸುವ ಕೆಲಸ. ಅಳ್ನಾವರದಲ್ಲಿ ರೈಲು ಹತ್ತಿದರೆಂದರೆ ಮುಗಿಯಿತು, ಮತ್ತೆ ಅವರ ಮುಖ ಕಾಣುವುದು ಪಂಚಮಿಗೆ. ಪಂಚಮಿಗೆ ನಾನು ತವರಿಗೆ ಹೋಗಿರುತ್ತಿದ್ದೆ! ಹೀಗೆ ನಮ್ಮ ಸಂಸಾರ ವರ್ಷಗಟ್ಟಲೆ ಫೋನಿನಲ್ಲೇ ನಡೆಯಿತು. ಅವರು "ಊಟಾತೇನು?" ಅನ್ನುವುದು, ನಾನು "ಹೂಂ, ನಿಮ್ಮದು?" ಅನ್ನುವುದು. ಮಗಳೊಬ್ಬಳು, ಕುಂದಗೋಳದಲ್ಲಿ ನಮ್ಮಣ್ಣನ ಮನೆಯಲ್ಲಿದ್ದು ಓದುತ್ತಿದ್ದಳು. ಗಂಡ ಒಂದು ದಿಕ್ಕು, ಮಗಳು ಒಂದು ದಿಕ್ಕು, ನಾನು ಬಸ್ಸಿನಲ್ಲಿ ಬಟ್ಟೆಯ ಗಂಟು ಹೊತ್ತು ಊರೂರು ತಿರುಗುವುದು.

ಆ ವರ್ಷ ದೀಪಾವಳಿಗೆ ಬಂದವರು ಚಹಾ ಕುಡಿಯುತ್ತ, ಯಾವ ಪೀಠಿಕೆಯೂ ಇಲ್ಲದೆ, "ಒಂದು ದೋಣಿ ಮಾಡ್ತೀನಿ" ಎಂದರು.

"ಎಲ್ಲಿ ಓಡಸ್ತೀರಿ? ನಮ್ಮ ಹಿತ್ತಲದಾಗೇನು?"

"ಕಾಲುವ್ಯಾಗ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಮ್ಮ ಭಾಗದಲ್ಲಿ ಹಿಂಗಾರಿ ಬೆಳೆಗೆಂದು ಮಲಪ್ರಭೆಯ ಕಾಲುವೆಗೆ ನೀರು ಬಿಡುತ್ತಾರೆ. ನೀನು ಕೌದಿ ಹೊಲಿದುಕೊಡುವ ಅರ್ಧ ಊರುಗಳು ಕಾಲುವೆಯ ದಂಡೆಯ ಮೇಲೇ ಇವೆ, ಬಸ್ಸಿಗೆ ಕಾಯುವುದು ಯಾಕೆ, ದೋಣಿಯಲ್ಲೇ ಇದ್ದು ಊರಿಂದ ಊರಿಗೆ ಹೋಗೋಣ ಎಂಬುದು ಅವರ ಲೆಕ್ಕ. ಎಲ್ಲವನ್ನೂ ಹೇಳಿ ಕೊನೆಗೆ ಒಂದು ಮಾತು ಸೇರಿಸಿದರು: "ಈ ಹಂಗಾಮು ಒಂದು ನೋಡೂಣು. ನೀರು ನಿಲ್ಲೂತನಕ ಸಾಹೇಬ್ರು ನನ್ನ ಜಾಗಾ ಹಿಡದ ಇಟ್ಟಿರ್ತಾರ. ಜಮಾಸಿದ್ರ ಇಲ್ಲೇ ಇರ್ತೀನಿ. ಇಲ್ಲಾಂದ್ರ ಮತ್ತ ಗೋವಾ."

ಸಾಹೇಬರೆಂದರೆ ಗೋವಾದ ದೋಣಿಗಳ ಮಾಲಕರು. ಕಾರವಾರದ ಕಡೆಯವರು, ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದರು. ಇಲ್ಲೇ ಇರ್ತೀನಿ ಎಂಬ ಮಾತನ್ನು ಅವರ ಬಾಯಿಂದ ನಾನು ಅದೇ ಮೊದಲು ಕೇಳಿದ್ದು. ಆದರೆ ಹೊರಗೆ ತೋರಿಸಿಕೊಳ್ಳುವವಳೇ ನಾನು? "ಮೊದಲ ದೋಣಿ ತೇಲತೈತೇನ ನೋಡ್ರಿ" ಎಂದು ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದೆ.

ತಗಡು ಬಡಿದು, ಬೆಸೆದು, ಕೆಂಪು ಬಣ್ಣ ಬಳಿದು ಅಂತೂ ದೋಣಿಯಾಯಿತು. ಎರಡು ಚಕ್ಕಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಅಗಲ ಮಾತ್ರ ಒಂದು ಹೊರಸಿನ ಮಂಚಕ್ಕಿಂತ ತುಸು ಹೆಚ್ಚು. ಮೇಲೆ ಕಮಾನಿನಂಥ ತಗಡಿನ ಸೂರು, ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಮಲಗುವ ಹಲಗೆ. ಕಾಲುವೆ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋಗಿ ಕೇಳಿದಾಗ ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, "ಎಂಜಿನ್ ಹಚ್ಚಂಗಿಲ್ಲ, ಗೇಟ್ ಮುಟ್ಟಂಗಿಲ್ಲ, ದಂಡಿ ಕೆಡಸಂಗಿಲ್ಲ" ಎಂದಿದ್ದರಂತೆ. ಎಂಜಿನ್ ಮೇಸ್ತ್ರಿಯ ದೋಣಿಗೆ ಎಂಜಿನ್ನೇ ಇಲ್ಲ! ಹರಿವು ಒಯ್ದಷ್ಟು ದೂರ ಹೋಗುವುದು, ಬೇಕಾದರೆ ಗಳ ಊರಿ ನೂಕುವುದು. ಗೇಟು ಬಂದಲ್ಲಿ ಯಾರದಾದರೂ ಎತ್ತು ಹೂಡಿ, ದುಂಡನೆಯ ಕಟ್ಟಿಗೆಗಳ ಮೇಲೆ ದೋಣಿಯನ್ನು ದಂಡೆಯ ಗುಂಟ ಎಳೆಸಿ, ಆಚೆ ಬದಿಗೆ ಮತ್ತೆ ನೀರಿಗಿಳಿಸುವುದು. ಎತ್ತು ಕಟ್ಟಿಕೊಂಡು ಹೋಗುವ ದೋಣಿಯನ್ನು ನೋಡಲು ಊರಿಗೆ ಊರೇ ಬರುತ್ತಿತ್ತು.

ಮೊದಲ ದಿನವೇ ಜಗಳ. ಕೌದಿ ಹೊಲಿಯಬೇಕಾದರೆ ಮೊದಲು ಸೀರೆಯನ್ನು ಅಗಲಕ್ಕೆ ಹಾಸಬೇಕು, ಸುತ್ತ ನಾಲ್ಕು ಜನ ಕೂರಬೇಕು. ನಾನು ಸೀರೆ ಹಾಸಿದೆ. ಎರಡೂ ಕಡೆ ತಗಡಿನ ಗೋಡೆಗೆ ಬಡಿದು ಸೀರೆ ಮುದುಡಿ ಕೂತಿತು.

"ಕೌದಿ ಹೊಲಿಯಾಕಂತ ದೋಣಿ ಮಾಡೀರಿ. ಕೌದಿ ಹಾಸೂವಷ್ಟು ಅಗಲ ಬ್ಯಾಡೇನ್ರಿ?"

"ಅಗಲ ಮಾಡಿದ್ರ ಸಣ್ಣ ಬ್ರಿಜ್ಜಿನ ಕೆಳಗ ಹೋಗಂಗಿಲ್ಲ."

"ಹಂಗಾದ್ರ ಬ್ರಿಜ್ಜಿಗೇ ಕೌದಿ ಹೊಲದು ಹೊಚ್ಚತೀನಿ ತಗೋರಿ!"

ಈ ಜಗಳವನ್ನು ದಂಡೆಯ ಮೇಲೆ ಕೂತು ಕೇಳುತ್ತಿದ್ದವರು ನೀಲವ್ವಾಯಿ. ಹಣೆತುಂಬ ವಿಭೂತಿ, ಬಾಯಲ್ಲಿ ಹಲ್ಲಿಲ್ಲ, ಕೈ ಮಾತ್ರ ಸೂಜಿ ಹಿಡಿದರೆ ನಿಲ್ಲುವುದಿಲ್ಲ. ಮುಂದಿನ ಊರಲ್ಲಿದ್ದ ಮಗಳ ಮನೆಗೆ ಹೋಗಲು ದೋಣಿ ಹತ್ತುತ್ತೇನೆ ಎಂದು ಗಂಟು ಹಿಡಿದು ಬಂದಿದ್ದರು. "ಎದಕ್ಕ ಬಡದಾಡ್ತೀರವಾ? ಉದ್ದಕ ಎರಡ ಪಟ್ಟಿ ಹೊಲೀರಿ, ಆಮ್ಯಾಲೆ ನಡುವ ಕೂಡಸ್ರಿ. ಹೊದ್ದುಕೊಂಡವಗ ನಿದ್ದಿ ಹತ್ತಿದ್ರ ಸಾಕು" ಎಂದು ದೋಣಿಯೊಳಗೆ ಇಳಿದು ಸೂಜಿ ಈಸಿಕೊಂಡರು. ಆಮೇಲೆ ನೋಡಿ, ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ನಾವಿಬ್ಬರೂ ಎದುರುಬದುರು ಕೂತೆವು, ನಡುವೆ ಉದ್ದನೆಯ ಪಟ್ಟಿ. ಮಗಳ ಊರು ಬರುವಷ್ಟರಲ್ಲಿ ಅರ್ಧ ಪಟ್ಟಿ ಮುಗಿದಿತ್ತು.

ಅಲ್ಲಿಂದ ಅದೇ ರೂಢಿಯಾಯಿತು. ತವರಿಗೆ ಹೋಗುವವರು, ಮಗಳನ್ನು ನೋಡಲು ಹೋಗುವವರು, ಸುಮ್ಮನೆ ನೀರಿನ ಮೇಲೆ ಕೂರುವ ಆಸೆಯವರು, ಎಲ್ಲರೂ ದಂಡೆಯ ಮೇಲೆ ನಿಂತು ಕೈ ಮಾಡುವರು. "ಟಿಕೀಟ ಎಷ್ಟರಿ?" ಎಂದು ಕೇಳಿದರೆ ನಾನು ಸೂಜಿ ಚಾಚುತ್ತಿದ್ದೆ. ಊರು ಬರುವವರೆಗೆ ಹೊಲಿ, ಇಳಿ, ಹೋಗು. ಬಸ್ಸಿನಲ್ಲಿ ಚಿಟಿಕೆ ಹೊಡೆಯುವುದರಲ್ಲಿ ಮುಟ್ಟುವ ಊರಿಗೆ ನಮ್ಮ ದೋಣಿಗೆ ಮಧ್ಯಾಹ್ನವಾಗುತ್ತಿತ್ತು, ಅದಕ್ಕೇ ಹೆಣ್ಣುಮಕ್ಕಳು ಹತ್ತುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳಲು ಅಷ್ಟು ಹೊತ್ತು ಯಾರು ಕೊಡುತ್ತಾರೆ? ನಕ್ಕರು, ಅತ್ತರು, ಅತ್ತೆಯಂದಿರ ನಡಿಗೆ ಮಾಡಿ ತೋರಿಸಿದರು. ನಮ್ಮವರು ಗಳ ಹಿಡಿದು ಹಿಂದಿನ ತುದಿಯಲ್ಲಿ ನಿಂತು, ಏನೂ ಕೇಳಿಸದವರಂತೆ ಮುಖ ಮಾಡಿಕೊಂಡಿರುತ್ತಿದ್ದರು. ಕಿವಿ ಮಾತ್ರ ಇತ್ತಲೇ ಇರುತ್ತಿತ್ತು, ನನಗೆ ಗೊತ್ತಿಲ್ಲವೇ!

ಚಳಿ ಆ ವರ್ಷ ಹಲ್ಲು ಕಡಿಸುವಷ್ಟು. ಬೆಳಗಾದರೆ ನೀರಿನ ಮೇಲೆ ಹೊಗೆಯಂಥ ಮಂಜು. ದಂಡೆಯ ಎರಡೂ ಕಡೆ ಕರಿ ನೆಲ, ತೆನೆ ಹಿಡಿದ ಬಿಳಿಜೋಳ, ಮೊಣಕಾಲೆತ್ತರದ ಕಡಲೆ, ಹಳದಿ ಹೂವಿನ ಕುಸುಬೆ. ತಗಡು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ನಾನು ಎದ್ದು ಒಲೆ ಹಚ್ಚಿ ಚಹಾಕ್ಕಿಟ್ಟರೆ ಅವರು ಎರಡು ಕೌದಿ ಹೊದ್ದುಕೊಂಡು ಒಲೆಯ ಮುಂದೆ ಬಂದು ಕೂರುವರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಚಹಾಕ್ಕೆ ಶುಂಠಿ ಆಗುವುದಿಲ್ಲ, ಬೆಲ್ಲ ಹೆಚ್ಚು ಬೇಕು, ಎದ್ದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಿಸಬಾರದು, ಇವೆಲ್ಲ ನನಗೆ ಗೊತ್ತಾದದ್ದು ಆ ಒಲೆಯ ಮುಂದೆ. ನಾನೋ, ಕಣ್ಣು ಬಿಟ್ಟ ಕೂಡಲೇ ಮಾತು ಶುರು ಮಾಡುವವಳು. ಅವರು "ಸ್ವಲ್ಪ ತಡೀಯಲೇ, ಇನ್ನೂ ಕಿವಿ ಎದ್ದಿಲ್ಲ" ಅನ್ನುತ್ತಿದ್ದರು.

ಎಳ್ಳಮಾಸಿಯ ದಿನ ನಾವು ತಿರ್ಲಾಪುರದ ಕಡೆ ಬರುತ್ತಿದ್ದೆವು. ಅಂದು ಹೊಲದಲ್ಲಿ ಚರಗ ಚೆಲ್ಲುವ ಹಬ್ಬ, ಮಾಡಿದ ಅಡುಗೆಯನ್ನು ಮೊದಲು ಭೂಮಿಗೆ ಉಣಿಸಿ ಆಮೇಲೆ ಎಲ್ಲರೂ ಉಣ್ಣುವುದು. ನಮಗೆ ಹೊಲ ಎಲ್ಲಿದೆ? ಮೈದುನಂದಿರು ಮಾಡುತ್ತಿದ್ದ ಹೊಲ ದೂರದಲ್ಲಿತ್ತು. ಹಬ್ಬದ ದಿನ ಪರದೇಶಿಗಳಂತೆ ಅನ್ನ ಬೇಯಿಸಿಕೊಳ್ಳಬೇಕಲ್ಲ ಎಂದು ನನ್ನ ಮುಖ ಸಣ್ಣದಾಗಿತ್ತು. ಅಷ್ಟರಲ್ಲಿ ದಂಡೆಯಿಂದ ಯಾರೋ ಕೂಗಿದರು, "ಓ ನೀರಾಗಿನ ಮಂದಿ! ಬರ್ರಿ ಊಟಕ್ಕ!" ದೋಣಿಯಲ್ಲಿ ಒಮ್ಮೆ ಕೂತು ಹೋಗಿದ್ದ ಹೆಣ್ಣುಮಗಳೊಬ್ಬಳ ಮನೆಯವರು. ಅವರ ಹಿಂದೆ ಇನ್ನೊಂದು ಹೊಲದವರು, ಅವರ ಹಿಂದೆ ಮತ್ತೊಬ್ಬರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಮೊಸರು. ಮೂರು ಹೊಲದಲ್ಲಿ ಉಂಡು ನಮ್ಮವರು ದೋಣಿಗೆ ಇಳಿಯಲಾಗದೆ ಕಡಲೆಯ ಸಾಲಿನಲ್ಲೇ ಮಲಗಿಬಿಟ್ಟರು. ಗೋವಾದಲ್ಲಿ ಇಷ್ಟು ವರ್ಷ ಈ ದಿನ ಏನು ಉಣ್ಣುತ್ತಿದ್ದಿರಿ ಎಂದು ಕೇಳಿದೆ. "ಎಳ್ಳಮಾಸಿ ಯಾವತ್ತ ಬರತೈತಿ ಅನ್ನೂದ ಮರತಿದ್ದೆ" ಎಂದರು.

ಅದಾದ ಕೆಲವೇ ದಿನಕ್ಕೆ ಆ ಕೆಟ್ಟ ಬೆಳಗು ಬಂತು. ಹಿಂದಿನ ಸಂಜೆ ದೋಣಿ ಕಟ್ಟಿದವಳು ನಾನೇ. ಒಕ್ಕಲಿಗರ ಮನೆಯಲ್ಲಿ ಹುಟ್ಟಿದವಳು, ಎತ್ತು ಕಟ್ಟಿ ಗೊತ್ತು. ಮಂದಿಯ ಬೆಳೆಗೆ ಬಾಯಿ ಹಾಕದಂತೆ ಎತ್ತನ್ನು ಗಿಡ್ಡ ಹಗ್ಗದಲ್ಲಿ ಬಿಗಿದು ಎರಡು ಗಂಟು ಹಾಕುತ್ತಾರಲ್ಲ, ದೋಣಿಯನ್ನೂ ಹಾಗೇ ಮುಂದೊಂದು ಹಿಂದೊಂದು ಗಿಡ್ಡ ಹಗ್ಗದಲ್ಲಿ ದಂಡೆಯ ಗಿಡಕ್ಕೆ ಬಿಗಿದಿದ್ದೆ. ನಸುಕಿನಲ್ಲಿ, ಹೊಲಿಗೆಗೆಂದು ಮತ್ತೆ ನಮ್ಮಲ್ಲಿಗೆ ಬಂದಿದ್ದ ನೀಲವ್ವಾಯಿಯ ಜೊತೆ ಕಡಲೆ ಹೊಲಕ್ಕೆ ಹೋದೆ. ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿಟ್ಟರೆ ಇಬ್ಬನಿಯಲ್ಲಿ ಎಲೆಯ ಹುಳಿ ಹೀರಿಕೊಳ್ಳುತ್ತದೆ, ಬೆಳಗ್ಗೆ ಹಿಂಡಿ ಸೀಸೆಗೆ ತುಂಬಿಟ್ಟುಕೊಂಡರೆ ಹೊಟ್ಟೆನೋವಿಗೆ ಔಷಧ. ನಾವು ಬಟ್ಟೆ ಹಿಂಡಿಕೊಂಡು ಬರುವುದರೊಳಗೆ ಕಾಲುವೆಯ ನೀರು ಇಳಿದಿತ್ತು. ಕೆಳಗಿನ ಊರುಗಳ ಪಾಳಿ ಮುಗಿದು ಹರಿವು ಕಡಿಮೆ ಮಾಡಿದ್ದರು, ಅದು ಇದ್ದದ್ದೇ. ಹಗ್ಗ ಉದ್ದ ಇದ್ದಿದ್ದರೆ ದೋಣಿ ನೀರಿನ ಜೊತೆ ಇಳಿಯುತ್ತಿತ್ತು. ಅದು ದಂಡೆಗೆ ಜೋತುಬಿದ್ದು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಒಳಗಿನ ಪಾತ್ರೆ, ಹಿಟ್ಟಿನ ಡಬ್ಬಿ, ಹೊಲಿದು ಮುಗಿಸಿ ಅಣ್ಣಿಗೇರಿಯವರಿಗೆಂದು ಮಡಿಸಿಟ್ಟಿದ್ದ ಕೌದಿಗಳು, ಎಲ್ಲ ಕೆಸರಿನಲ್ಲಿ. ನಡುವೆ ನಮ್ಮವರು, ಮೈತುಂಬ ಜೋಳದ ಹಿಟ್ಟು.

ಅವರು ಹಗ್ಗ ನೋಡಿದರು. ಗಂಟು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಎಲ್ಲಿ ಮೇಯಾಕ ಹೊಕ್ಕೈತಿ ಅಂತ ಬಿಗದಿಲೇ ಇದನ್ನ?"

ತಪ್ಪು ನನ್ನದು, ನಕ್ಕಿದ್ದು ಅವರು, ಹಾಳಾಗಿದ್ದು ನನ್ನ ಕೌದಿ. ನನಗೆ ಪಿತ್ತ ನೆತ್ತಿಗೇರಿತು. ಕೆಸರಿನ ಕೌದಿ ಎತ್ತಿ ಹಿಡಿದು, "ಸಾಕಾತು ನನಗ ಈ ಡಬ್ಬಿ ಸಂಸಾರ! ನೀರು ನಿಂತರ ಸಾಕಾಗೇತಿ!" ಎಂದು ಕಿರುಚಿದೆ.

ಅವರ ನಗು ನಿಂತಿತು. ಇಳಿದು ಹಗ್ಗ ಬಿಚ್ಚಿದರು. ಕೌದಿಗಳನ್ನು ಒಗೆದು ಜಾಲಿಯ ಕಂಟಿಯ ಮೇಲೆ ಒಣಹಾಕಿದ್ದೂ ಅವರೇ. ಮಧ್ಯಾಹ್ನಕ್ಕೆ ನನ್ನ ಸಿಟ್ಟು ಇಳಿದಿತ್ತು, ಸಂಜೆಗೆ ಆ ಮಾತು ಆಡಿದ್ದೂ ಮರೆತಿತ್ತು. ನನ್ನ ಬಾಯಿಂದ ದಿನಕ್ಕೆ ಅಂಥ ಹತ್ತು ಮಾತು ಬೀಳುತ್ತವೆ, ಯಾವುದನ್ನೆಂದು ನೆನಪಿಡಲಿ? ಅವರು ಮಾತ್ರ ನೆನಪಿಟ್ಟುಕೊಂಡರು. ಅಂದಿನಿಂದ ಒಲೆಯ ಮುಂದಿನ ಮಾತು ಕಡಿಮೆಯಾಯಿತು. ಚಳಿಗೆ ಹಾಗಾಗಿದೆ ಎಂದುಕೊಂಡೆ.

ಜೋಳದ ತೆನೆ ಹಾಲು ತುಂಬಿ ಗಟ್ಟಿಯಾಗಿ, ಮಂದಿ ಆ ತೆನೆ ಸುಟ್ಟು ಸೀತನಿ ತಿನ್ನುವ ದಿನ ಬಂದವು. ಕಾಲುವೆ ದಿನೇ ದಿನೇ ತೆಳ್ಳಗಾಯಿತು. ತಿರ್ಲಾಪುರದ ಹತ್ತಿರ ಒಂದು ಮಧ್ಯಾಹ್ನ ದೋಣಿಯ ತಳ ಕೆಸರಿಗೆ ಮುಟ್ಟಿ ಕೂತುಬಿಟ್ಟಿತು. ನೀರು ನಿಂತಿತ್ತು. ಕೌದಿಯ ಕೆಲಸ ಮುಂದಿನ ಮಳೆಗಾಲದವರೆಗೂ ಸಾಲುವಷ್ಟು ಬಂದಿತ್ತು, ಗಂಟುಗಳು ದಂಡೆಯ ಮೇಲೆ ಕೂತಿದ್ದವು. ಜಮಾಸಿದಂತೆಯೇ ಅಲ್ಲವೇ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅವರೇ ಬಾಯಿಬಿಟ್ಟು ಹೇಳಲಿ ಎಂದು ಕಾದೆ. ಊಟಕ್ಕೆ ಕೂತಾಗ ಫೋನು ಬಂತು. ಎದ್ದು ದಂಡೆಗೆ ಹೋಗಿ ಮಾತಾಡಿ ಬಂದರು.

"ಸಾಹೇಬ್ರು. ಯಾವಾಗ ಬರ್ತಿ ಅಂತ ಕೇಳಾಕತ್ತಾರ."

"ಏನಂದ್ರಿ?"

"ನಾಳೆ ಹೇಳ್ತೀನಿ ಅಂದೆ."

ನನ್ನ ಮುಖವನ್ನೇ ನೋಡುತ್ತ ಕೂತರು. ದಿನವೆಲ್ಲ ವಟಗುಟ್ಟುವ ಈ ಬಾಯಿಗೆ ಆ ಹೊತ್ತಿನಲ್ಲಿ ಏನಾಯಿತೋ, "ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂಬುದೊಂದೇ ಹೊರಬಂತು. ಅವರು ಬೇಡವೆಂದು ಕೈ ತೊಳೆದರು.

ಮರುದಿನ ಬೆಳಗ್ಗೆ ಚೀಲ ತುಂಬಿಕೊಂಡಿದ್ದರು. ನಾನು ಎಂದಿನಂತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ದಂಡೆಯ ಮೇಲೆ ನೀಲವ್ವಾಯಿ ಮತ್ತು ಊರಿನ ನಾಲ್ಕೈದು ಹೆಂಗಸರು ಕೌದಿ ಹಾಸಿಕೊಂಡು ಹೊಲಿಯುತ್ತಿದ್ದರು. ನಮ್ಮವರು ಎಲ್ಲರಿಗೂ ಕೈಮುಗಿದು, ನನ್ನ ಕಡೆ ಒಮ್ಮೆ ನೋಡಿ, ದಂಡೆಯ ಗುಂಟ ಡಾಂಬರು ರಸ್ತೆಯತ್ತ ನಡೆದರು.

ನಮ್ಮಲ್ಲಿ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಆಗುವುದಿಲ್ಲ, ಹಾದಿಯಲ್ಲಿ ಕೇಡಾಗುತ್ತದೆ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು ಗೋವಾಕ್ಕೆ ಹೊರಟ ದಿನ ನಾನು ಹೊಸ್ತಿಲಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ರಟ್ಟೆ ಹಿಡಿದು ಒಳಗೆಳೆದಿದ್ದರು. ಅಂದಿನಿಂದ ಪ್ರತಿ ಸಲವೂ ಹಲ್ಲು ಕಚ್ಚಿ ನಿಂತಿದ್ದೇನೆ. ಅವರ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋಗಿ ಅತ್ತಿದ್ದೇನೆ. ಈ ಸಲವೂ ಹಲ್ಲು ಕಚ್ಚಿದೆ. ಬೆನ್ನು ಸಣ್ಣದಾಗುತ್ತ ಹೋಯಿತು. ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ದುಃಖ, ಎರಡೂ ಒಮ್ಮೆಗೇ ಉಕ್ಕಿ ಬಂದವು.

"ಏನ್ರೀ!" ಎಂದು ಕೂಗಿದೆ.

ದಾರಿಯಲ್ಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ ಇಬ್ಬರು ಗಂಡಸರು ತಿರುಗಿ ನೋಡಿದರು. ತಿರುಗಬೇಕಾದವರು ತಿರುಗಲಿಲ್ಲ. ಊರಿನ ಅರ್ಧ ಗಂಡಸರ ಹೆಸರು "ಏನ್ರೀ" ಅಲ್ಲವೇ! ನಾನು ಸೆರಗು ಬಿಗಿದು ದಂಡೆಯ ಮೇಲೆ ನಿಂತು ಎದೆ ಬಿರಿಯುವಂತೆ ಕೂಗಿದೆ:

"ಫಕ್ಕೀರಪ್ಪಾ!"

ಹೊಲಿಯುವ ಕೈಗಳೆಲ್ಲ ನಿಂತವು. "ಶಿವ ಶಿವಾ! ಗಂಡನ ಹೆಸರ ಹಿಡದ ಕೂಗ್ಯಾಳಲ್ಲವಾ, ಅದೂ ಹಿಂದಿಂದ!" ಎಂದು ನೀಲವ್ವಾಯಿ ಬಾಯಿಯ ಮೇಲೆ ಕೈಯಿಟ್ಟರು. ನಮ್ಮವರು ತಿರುಗಿದರು. ಅಲ್ಲೇ ನಿಂತರು. ನಾನು ಓಡಿದೆ, ಬರಿಗಾಲಲ್ಲಿ, ಮುಳ್ಳು ಕಲ್ಲು ಒಂದನ್ನೂ ನೋಡದೆ.

"ಹೋಗಬ್ಯಾಡ್ರಿ" ಎಂದೆ. ಏದುಸಿರಿಗೆ ಮುಂದಿನ ಮಾತು ಬರಲಿಲ್ಲ.

"ಸಾಕಾತು ಅಂದಿದ್ಯಲ್ಲ ನೀ."

"ಅಂದೆ. ನಾ ಬೈಯೂದ ಕೇಳಿ ನೀವು ನನಗ ಬ್ಯಾಡಾದ್ರಿ ಅಂತ ತಿಳಕೊಂಡ್ರೇನು? ಬ್ಯಾಡಾದವರಿಗೆ ಯಾರರ ಬೈತಾರೇನ್ರಿ?"

ಅವರ ಕಣ್ಣಲ್ಲಿ ನೀರು ನಿಂತಿತ್ತು. "ಇಷ್ಟ ವರ್ಷದಾಗ ಹೋಗಬ್ಯಾಡ ಅಂತ ಒಂದ ಸಲಾನೂ ಅಂದಿದ್ದಿಲ್ಲ. ಪ್ರತಿ ಸಲ ಹೊಳ್ಳಿ ನೋಡಬೇಕನಸ್ತಿತ್ತು. ನಾ ಹೋದ್ರ ನಿನಗ ಆರಾಮ ಅನಸ್ತೈತಿ ಅಂತ ನೋಡತಿದ್ದಿಲ್ಲ."

ನಾನು ಅತ್ತುಬಿಟ್ಟೆ. ಇಡೀ ದಂಡೆಯ ಮಂದಿ ನೋಡುತ್ತಿದ್ದರೂ ಅತ್ತೆ. ಅವರು ಚೀಲ ಕೆಳಗಿಟ್ಟು, ಕಿಸೆಯಿಂದ ಫೋನು ತೆಗೆದು, ನನ್ನೆದುರೇ ಹಚ್ಚಿದರು.

"ಸಾಹೇಬ್ರ, ನಮಸ್ಕಾರ್ರಿ. ನನ್ನ ಜಾಗಾಕ್ಕ ಬ್ಯಾರೆ ಯಾರನ್ನರ ತಗೋರಿ. ಇಲ್ರಿ, ಇನ್ನ ಬರಾಕ ಆಗೂದಿಲ್ರಿ." ನನ್ನ ಕಡೆ ನೋಡಿದರು. "ಮನ್ಯಾಗ ಕರದಾರ್ರಿ."

ಕೆಳಗೆ ಕಾಲುವೆಯ ಕೆಸರಿನಲ್ಲಿ ಸೊಟ್ಟಗೆ ಕೂತಿದ್ದ ಆ ತಗಡಿನ ಡಬ್ಬಿಯನ್ನು ಯಾರಾದರೂ ಮನೆ ಎಂದದ್ದು ಅದೇ ಮೊದಲು.